ಫಾಸ್ಡೆಮ್‌ಗೆ ಹೋಗುವವರು ಬ್ರಸೆಲ್ಸ್ ನೋಡುವುದು ಯಾವಾಗ?

ಮುಕ್ತ ತಂತ್ರಾಂಶ ಕಟ್ಟುವವರೆಲ್ಲ ಪ್ರತಿವರ್ಷ ಫೆಬ್ರವರಿ ಆರಂಭದ ಹೊತ್ತಿಗೆ ಬ್ರಸೆಲ್ಸ್‌ನಲ್ಲಿ ಸೇರುವ ಎರಡು ದಿನಗಳ ಫಾಸ್ಡೆಮ್ ಸಮ್ಮೇಳನಕ್ಕೆ ಸ್ವಂತ ಖರ್ಚಿನಲ್ಲಿ ಹೊರಟಿದ್ದೀರಿ, ಇದು ಮೊದಲ ವಿದೇಶ ಪ್ರಯಾಣ, ಶನಿವಾರ ಭಾನುವಾರಗಳ ಮಧ್ಯಾಹ್ನದಲ್ಲೇ ಊರನ್ನೂ ನೋಡಿ ಮುಗಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಎರಡು ದಿನಗಳನ್ನು ಇಡಿಯಾಗಿ ಸಮ್ಮೇಳನಕ್ಕೆ ಬಿಟ್ಟುಕೊಡಿ. ವಾಪಸಾಗುವ ವಿಮಾನವನ್ನು ಗುರುವಾರಕ್ಕೋ ಶುಕ್ರವಾರಕ್ಕೋ ಇಟ್ಟುಕೊಂಡು, ಊರು ನೋಡುವುದನ್ನು ಸೋಮವಾರದಿಂದ ಶುರುಮಾಡಿ.

ಕಾರಣ ಹೇಳುತ್ತೇನೆ. ಫಾಸ್ಡೆಮ್‌ಗೆ ಪ್ರವೇಶ ಶುಲ್ಕವಿಲ್ಲ, ನೋಂದಣಿಯೂ ಇಲ್ಲ. ಯೂಎಲ್‌ಬಿ ವಿಶ್ವವಿದ್ಯಾಲಯದ ಸೋಲ್‌ಬಾಷ್ ಆವರಣಕ್ಕೆ ನೇರವಾಗಿ ಹೋದರಾಯಿತು. ಊರಿನ ನಡುವಿನಿಂದ 71ನೇ ಸಂಖ್ಯೆಯ ಬಸ್ ಅಲ್ಲಿಗೇ ಒಯ್ಯುತ್ತದೆ. ಬಾಗಿಲು ಎಲ್ಲರಿಗೂ ತೆರೆದಿರುವುದರಿಂದ ಸಾವಿರಾರು ಜನ ಬರುತ್ತಾರೆ. ಜಾನ್ಸನ್ ಸಭಾಂಗಣವೇನೋ ದೊಡ್ಡದು, ಆದರೆ ಒಂದೊಂದು ವಿಷಯಕ್ಕೆ ಮೀಸಲಾದ ಕೋಣೆಗಳೆಲ್ಲ ಸಾಮಾನ್ಯ ತರಗತಿಗಳು. ಕುರ್ಚಿ ತುಂಬಿದೊಡನೆ ‘ಕೋಣೆ ಭರ್ತಿ’ ಎಂಬ ಹಾಳೆ ಬಾಗಿಲಿಗೆ ಬೀಳುತ್ತದೆ, ಸ್ವಯಂಸೇವಕರು ಮತ್ತೊಬ್ಬರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ವೇಳಾಪಟ್ಟಿಯಲ್ಲಿ ಹತ್ತಾರು ಉಪನ್ಯಾಸಗಳಿಗೆ ಗುರುತು ಹಾಕಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಓಡುವುದು ವ್ಯರ್ಥ. ಬಹುತೇಕ ಎಲ್ಲವನ್ನೂ ಚಿತ್ರೀಕರಿಸಿ ಜಾಲತಾಣದಲ್ಲಿ ಹಾಕುತ್ತಾರೆ. ಬೆಂಗಳೂರಿಗೆ ಮರಳಿದ ಮೇಲೆ ನಿಧಾನವಾಗಿ ನೋಡಬಹುದು. ನಿಮ್ಮ ಕೆಲಸಕ್ಕೆ ಹತ್ತಿರದ ಒಂದೇ ಕೋಣೆಯನ್ನು ಆರಿಸಿಕೊಂಡು ಬೆಳಿಗ್ಗೆಯೇ ಹೋಗಿ ಕೂರಿ. ಉಳಿದ ಸಮಯವನ್ನು ಕಟ್ಟಡಗಳ ಒಳಗಿನ ಓಣಿಗಳಲ್ಲಿ, ತಂತ್ರಾಂಶ ಯೋಜನೆಗಳವರು ಹಾಕಿಕೊಂಡ ಮೇಜುಗಳ ಮುಂದೆ ಕಳೆಯಿರಿ.

ಆ ಓಣಿಗಳಿಗಾಗಿಯೇ ಅಷ್ಟು ದೂರ ಹೋಗಬೇಕು ಎನ್ನುವವನು ನಾನು. ನನ್ನ ಕೆಲಸ ಕನ್ನಡ ಫಾಂಟುಗಳಿಗೆ ಸಂಬಂಧಿಸಿದ್ದು. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಮುಂದೆ ನಿಂತು ಯಕಾರ ಒತ್ತಾಗಬೇಕು. ಅದಕ್ಕೆ ನಡುವೆ ಯೂನಿಕೋಡ್‌ನ (ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ವ್ಯವಸ್ಥೆ) ಕಣ್ಣಿಗೆ ಕಾಣದ ಒಂದು ಸಂಕೇತ ಸೇರಬೇಕು. ಅದು ಬಿದ್ದುಹೋದರೆ ರಕಾರ ಅರ್ಕಾವೊತ್ತಾಗಿ ‘ರ್ಯಾಂಕ್’ ಆಗುತ್ತದೆ. ಒಂದು ತಂತ್ರಾಂಶದಲ್ಲಿ ಇದು ಸದಾ ಕೆಡುತ್ತಿತ್ತು, ಇ-ಮೇಲ್‌ನಲ್ಲಿ ಎಷ್ಟು ವಿವರಿಸಿದರೂ ಆಚೆಯವರಿಗೆ ಹೊಳೆದಿರಲಿಲ್ಲ. ಆ ಯೋಜನೆಯವರೊಬ್ಬರು ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಕಾಗದದ ಮೇಲೆ ಎರಡು ರೂಪಗಳನ್ನೂ ದೊಡ್ಡದಾಗಿ ಬರೆದು ತೋರಿಸಿದೆ. ಅವರು ಬೆರಳಿನಿಂದ ಒತ್ತಕ್ಷರದ ಸುತ್ತ ಗೆರೆ ಎಳೆದು, ‘ಇದು ಇಲ್ಲಿಂದ ಅಲ್ಲಿಗೆ ಹೋಗುತ್ತದೆಯೇ?’ ಎಂದು ಕೇಳಿ, ಲ್ಯಾಪ್‌ಟಾಪ್ ತೆರೆದು ಅಲ್ಲೇ ಪರೀಕ್ಷೆಯೊಂದನ್ನು ಬರೆದರು. ನಮ್ಮ ಲಿಪಿಯನ್ನು ಓದಲಾರದವರೊಬ್ಬರು ಅದರ ಒಂದು ಅಕ್ಷರಕ್ಕಾಗಿ ಅಷ್ಟು ಹೊತ್ತು ಕೊಟ್ಟದ್ದು ನನಗೆ ತುಂಬ ದೊಡ್ಡ ವಿಷಯ. ಮಧ್ಯಾಹ್ನ ಊರು ಸುತ್ತಲು ಹೋದವರಿಗೆ ಇಂಥದ್ದು ದಕ್ಕುವುದಿಲ್ಲ.

ಇನ್ನು ಊರು. ಸೋಮವಾರ ಅಲ್ಲಿನ ಅನೇಕ ವಸ್ತುಸಂಗ್ರಹಾಲಯಗಳಿಗೆ ರಜೆ. ಹಾಗಾಗಿ ಆ ದಿನ ಬಯಲಿನಲ್ಲಿ ನಿಂತು ನೋಡುವಂಥವನ್ನು ಇಟ್ಟುಕೊಳ್ಳಿ. ಗ್ರಾಂಡ್ ಪ್ಲಾಸ್ ಚೌಕಕ್ಕೆ ಬೆಳಿಗ್ಗೆಯೂ ಹೋಗಿ, ದೀಪ ಹಚ್ಚಿದ ಮೇಲೂ ಹೋಗಿ. 1695ರಲ್ಲಿ ಫ್ರೆಂಚ್ ಸೇನೆಯ ಫಿರಂಗಿ ದಾಳಿಗೆ ಈ ಚೌಕದ ಬಹುಭಾಗ ಸುಟ್ಟುಹೋಯಿತು. ಪುರಭವನದ ಗೋಪುರ ನಿಂತೇ ಇತ್ತು. ಈಗ ಕಾಣುವ ಚಿನ್ನದ ಅಂಚಿನ ಮನೆಗಳನ್ನು ಕಸುಬುದಾರರ ಸಂಘಗಳು ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿಸಿದವು. ಮೂತ್ರ ಮಾಡುವ ಪುಟ್ಟ ಹುಡುಗನ ಹೆಸರಾಂತ ಕಂಚಿನ ಪ್ರತಿಮೆ ಮನೆಕೆನ್ ಪಿಸ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ, ಐದು ನಿಮಿಷ ಸಾಕು. 1958ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ 102 ಮೀಟರ್ ಎತ್ತರದ ಅಟೋಮಿಯಮ್ ಕಟ್ಟಡ ಸೋಮವಾರವೂ ತೆರೆದಿರುತ್ತದೆ. ಫೆಬ್ರವರಿಯ ಆರಂಭದಲ್ಲಿ ಸಂಜೆ ಐದೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ, ಮಳೆ ಯಾವಾಗ ಬೇಕಾದರೂ ಹನಿಯುತ್ತದೆ. ನೀರು ಇಳಿಯದ ಬೂಟು ದಪ್ಪ ಕೋಟಿಗಿಂತ ಮುಖ್ಯ. ಸಸ್ಯಾಹಾರಿಗಳಾಗಿದ್ದರೆ ಒಂದು ಎಚ್ಚರಿಕೆ: ಬೆಲ್ಜಿಯಂನ ಹೆಸರಾಂತ ಆಲೂಗಡ್ಡೆ ಫ್ರೈಗಳನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯದ ಎಣ್ಣೆ ಬಳಸುವ ಅಂಗಡಿಗಳೂ ಇವೆ, ಕೇಳಿಯೇ ಕೊಳ್ಳಿ.

ಮಂಗಳವಾರ ಬೆಳಿಗ್ಗೆ ರೈಲು ಹತ್ತಿ ಆಂಟ್‌ವರ್ಪ್‌ಗೆ ಹೋಗಿ, ಮುಕ್ಕಾಲು ಗಂಟೆಯ ದಾರಿ. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಸಾಧ್ಯವೆಂದರೆ ನಾನು ಹೇಳುವುದು ಅಲ್ಲಿನ ಪ್ಲಾಂಟಿನ್-ಮೊರೆಟಸ್ ಸಂಗ್ರಹಾಲಯವನ್ನೇ. ಕ್ರಿಸ್ಟೋಫ್ ಪ್ಲಾಂಟಿನ್ 1555ರಲ್ಲಿ ಶುರುಮಾಡಿದ ಮುದ್ರಣಾಲಯವನ್ನು ಅವನ ವಂಶದವರು 1876ರವರೆಗೆ ಉಳಿಸಿಕೊಂಡು, ಕೊನೆಗೆ ಯಂತ್ರ, ಅಚ್ಚು, ಲೆಕ್ಕಪುಸ್ತಕಗಳ ಸಮೇತ ನಗರಕ್ಕೆ ಮಾರಿದರು. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಎರಡು ಮುದ್ರಣ ಯಂತ್ರಗಳು ಅಲ್ಲಿವೆ. ಹದಿನಾರನೇ ಶತಮಾನದ ಫ್ರೆಂಚ್ ಅಚ್ಚಕ್ಷರ ಶಿಲ್ಪಿ ಕ್ಲಾಡ್ ಗಾರಮಾಂಡ್ ಕೆತ್ತಿದ ಉಕ್ಕಿನ ಪಡಿಯಚ್ಚುಗಳು ಗಾಜಿನ ಹಿಂದಿವೆ: ಬೆರಳುದ್ದದ ಕಡ್ಡಿ, ಅದರ ತುದಿಯಲ್ಲಿ ಒಂದೇ ಅಕ್ಷರ, ಅದೂ ತಿರುಗುಮುರುಗಾಗಿ. ಮೂಗು ಗಾಜಿಗೆ ತಾಗುವಷ್ಟು ಬಾಗಿದರೆ ಅರದ ಗೀರುಗಳು ಕಾಣುತ್ತವೆ. ಈ ಉಕ್ಕನ್ನು ತಾಮ್ರಕ್ಕೆ ಹೊಡೆದು ತಗ್ಗು ಮಾಡಿ, ಆ ತಗ್ಗಿಗೆ ಸೀಸದ ಮಿಶ್ರಲೋಹ ಎರೆದು ಅಚ್ಚುಮೊಳೆ ತೆಗೆಯುತ್ತಿದ್ದರು. ಹೀಬ್ರೂ, ಗ್ರೀಕ್, ಸಿರಿಯಾಕ್ ಲಿಪಿಗಳನ್ನು ಲ್ಯಾಟಿನ್ ಜೊತೆ ಒಂದೇ ಹರವಿನಲ್ಲಿ ಜೋಡಿಸಿದ ಎಂಟು ಸಂಪುಟಗಳ ಬೈಬಲ್ ಕೂಡ 1570ರ ಸುಮಾರಿಗೆ ಅಲ್ಲೇ ಅಚ್ಚಾಯಿತು. ಬಹುಲಿಪಿಯ ತೊಡಕು ಯೂನಿಕೋಡ್‌ನೊಂದಿಗೆ ಹುಟ್ಟಿತೆಂದು ನಂಬಿದ ಪ್ರತಿಯೊಬ್ಬ ಪ್ರೋಗ್ರಾಮರ್ ಆ ಪುಟಗಳ ಮುಂದೆ ನಿಲ್ಲಬೇಕು.

ಇನ್ನೊಂದು ದಿನವಿದ್ದರೆ ಮಾನ್ಸ್ ಊರಿನ ಮುಂಡೇನಿಯಂ ಎಂಬ ಸಂಗ್ರಹಾಲಯ. ರೈಲಿನಲ್ಲಿ ಸುಮಾರು ಒಂದು ಗಂಟೆ. ಪಾಲ್ ಓಟ್ಲೆ ಮತ್ತು 1913ರ ನೊಬೆಲ್ ಶಾಂತಿ ಪುರಸ್ಕೃತ ಹೆನ್ರಿ ಲಾ ಫಾಂಟೇನ್ ಸೇರಿ ಜಗತ್ತಿನ ಬರಹಗಳಿಗೆಲ್ಲ ಒಂದು ಸೂಚಿ ಮಾಡಹೊರಟು, ಕೋಟಿಗೂ ಮೀರಿ ಚೀಟಿಗಳನ್ನು ಜೋಡಿಸಿದ್ದರು. ಆ ಮರದ ಖಾನೆಗಳ ಸಾಲು ಈಗ ಅಲ್ಲಿದೆ. ಬೆಂಗಳೂರಿನಲ್ಲಿ 1962ರಲ್ಲಿ ಡಿಆರ್‌ಟಿಸಿ (ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಸ್ಥಾಪಿಸಿದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ತಲೆಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ: ಜ್ಞಾನವನ್ನು ಹೇಗೆ ವರ್ಗೀಕರಿಸಿದರೆ ಬೇಕೆಂದಾಗ ಕೈಗೆ ಸಿಗುತ್ತದೆ? ಡೇಟಾಬೇಸ್ ಕೆಲಸ ಮಾಡುವವರಾದರೆ ಈ ದಿನವನ್ನು ಬಿಡಬೇಡಿ. ಯಾವ ಯಾವ ದಿನ ತೆರೆದಿರುತ್ತದೆಂದು ಮೊದಲೇ ನೋಡಿಕೊಳ್ಳಿ.

ವೀಸಾ ಬಗ್ಗೆಯೂ ಕೇಳಿದ್ದಿರಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಷೆಂಗೆನ್ ವೀಸಾಕ್ಕೆ (ಬೆಲ್ಜಿಯಂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹಾಕಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ನೋಂದಣಿಯೇ ಇಲ್ಲದ ಸಮ್ಮೇಳನವಾದ್ದರಿಂದ ನಿಮ್ಮ ಕೈಯಲ್ಲಿ ಟಿಕೆಟ್ ಇರುವುದಿಲ್ಲ. ಹೀಗಾಗಿ ದಿನದಿನದ ಕಾರ್ಯಕ್ರಮ, ವಸತಿಯ ಕಾಯ್ದಿರಿಸುವಿಕೆ, ರಜೆ ಮಂಜೂರಾದ ಪತ್ರ ಇವನ್ನು ಅಚ್ಚುಕಟ್ಟಾಗಿ ಜೋಡಿಸಿ. ಉಪನ್ಯಾಸ ಕೊಡುವವರಾದರೆ ಒಪ್ಪಿಗೆಯ ಪತ್ರವನ್ನೂ ಲಗತ್ತಿಸಿ. ಯಾವ ವಿಷಯದ ಮೇಲೆ ಕೆಲಸ ಮಾಡುತ್ತೀರಿ ಎಂದು ಬರೆದರೆ, ಯಾವ ಕೋಣೆಯಲ್ಲಿ ಕೂರಬೇಕೆಂದು ಹೇಳಬಲ್ಲೆ.