ಆಸ್ಪತ್ರೆ ಪುಕ್ಕಟೆ, ಸರಿ. ಆದರೆ ಬೆಳಿಗ್ಗೆ ಎಂಟಕ್ಕೆ ನೀವೆಲ್ಲಿರ್ತೀರಿ?

ನಿಮ್ಮ ಮನೆಯವರಿಗೆ ಲೆಸ್ಟರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ನೀವು ಬಂದು ಗೋದಾಮಿನ ಕೆಲಸ ಹುಡುಕಬೇಕು ಅಂತಿದ್ದೀರಿ. ‘ಇಂಗ್ಲೆಂಡಲ್ಲಿ ಆಸ್ಪತ್ರೆ ಪುಕ್ಕಟೆ, ಬಡವ ಬಲ್ಲಿದ ಅನ್ನೋ ಭೇದ ಇರಲ್ಲ ಅಲ್ವಾ ಸಾರ್? ಶುಗರ್ ಮಾತ್ರೆ ಆರು ತಿಂಗಳಿಗಾಗುವಷ್ಟು ತರಲಾ?’ ಅಂತ ಕೇಳಿದ್ದೀರಿ.

ಡಾಕ್ಟರಿಗೆ ದುಡ್ಡು ಕೊಡಬೇಕಿಲ್ಲ, ನಿಜ. ಭೇದ ಮಾತ್ರ ಇದೆ. 2009ರಲ್ಲಿ ಬಂದಾಗ ನಾನೂ ಗೋದಾಮಿನಲ್ಲೇ ಇದ್ದೆ. ಇಲ್ಲಿ ಮೊದಲು ಹೋಗಬೇಕಾದ್ದು ಜಿ.ಪಿ. ಹತ್ತಿರ, ಅಂದರೆ ನಮ್ಮ ಬಡಾವಣೆಯ ಡಾಕ್ಟರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಬೇಕಿತ್ತು. ಎಂಟೂಕಾಲಿಗೆಲ್ಲ ಅವತ್ತಿನ ಅಪಾಯಿಂಟ್‌ಮೆಂಟ್ ಖಾಲಿ. ಆ ಹೊತ್ತಿಗೆ ನಾನು ಪೆಟ್ಟಿಗೆ ಎತ್ತುತ್ತಿದ್ದೆ, ಫೋನು ಲಾಕರಿನಲ್ಲಿ. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಸಿಕ್ಕಾಪಟ್ಟೆ ಬಾಯಾರಿಕೆ, ರಾತ್ರಿ ನಾಲ್ಕು ಸಲ ಏಳೋದು. ಅಪ್ಪನಿಗಿದ್ದ ಶುಗರ್ ಕಾಯಿಲೆಯೇ ಅಂತ ಗೊತ್ತಿದ್ದೂ ಡಾಕ್ಟರ ಹತ್ತಿರ ಹೋಗಿದ್ದು ವರ್ಷ ಕಳೆದ ಮೇಲೆ. ಆಮೇಲೆ ಆಫೀಸಿನ ಕೆಲಸ ಸಿಕ್ಕಿತು. ಅದೇ ಡಾಕ್ಟರು, ಅದೇ ನಾನು. ಫೋನ್ ಹಿಡಿದು ಕಾಯುವ ಬಿಡುವು ಬಂತು, ಅಷ್ಟೇ.

ವೇಲ್ಸ್‌ನ ಕಲ್ಲಿದ್ದಲು ಗಣಿ ಊರೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ಬರೆದಿದ್ದರು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತೆ ಅಂತ.

ಒಂದು ವಿಷಯ ನನಗೆ ಈಗಲೂ ಸಂಕಟ. ಇಂಗ್ಲೆಂಡಿನಲ್ಲಿ ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೂ ದುಡ್ಡು ಕೊಡಬೇಕು, 2025ರಲ್ಲಿ ಅದು 9.90 ಪೌಂಡ್. ತಿಂಗಳ ಕೊನೆಗೆ ಕೈಯಲ್ಲಿ ಕಾಸಿಲ್ಲದೆ ಎರಡರಲ್ಲಿ ಒಂದು ಮಾತ್ರೆ ಬಿಟ್ಟಿದ್ದೇನೆ. ಶುಗರ್‌ಗೆ ಮಾತ್ರೆ ತಗೊಳ್ಳೋರಿಗೆ ವಿನಾಯಿತಿ ಪತ್ರ ಸಿಗುತ್ತೆ, ಎಲ್ಲ ಔಷಧಿಯೂ ಉಚಿತ ಅಂತ ತಿಳಿದದ್ದು ಎರಡು ವರ್ಷದ ಮೇಲೆ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರನ್ನು ಎದುರು ಕೂತು ಪ್ರಶ್ನೆ ಕೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅವರು ಹೇಳಿದ್ದಕ್ಕೆ ತಲೆಯಾಡಿಸಿ ಬರೋದಷ್ಟೇ. ಮೇಷ್ಟರ ಮಗನಾದ ನನ್ನ ಗೆಳೆಯ ಕಾಯಿಲೆ ಗೊತ್ತಾದ ದಿನವೇ ಕೇಳಿ ಪಡೆದುಕೊಂಡಿದ್ದ. ಆ ಪತ್ರಕ್ಕೆ ತುಂಬಬೇಕಾದ ಫಾರಂ ಹೆಸರು ಎಫ್‌ಪಿ92ಎ, ಬರೆದಿಟ್ಟುಕೊಳ್ಳಿ.

ಮಾತ್ರೆ ಎರಡು ತಿಂಗಳಿಗೆ ಸಾಕು, ಚೀಟಿ ಸಮೇತ ತನ್ನಿ. ಬಂದ ವಾರವೇ ಇಬ್ಬರೂ ಜಿ.ಪಿ. ಹತ್ತಿರ ಹೆಸರು ಬರೆಸಿ. ವಿಳಾಸದ ದಾಖಲೆ ಇಲ್ಲ ಅಂತ ಯಾರಾದರೂ ವಾಪಸ್ ಕಳಿಸಲು ನೋಡಿದರೆ ಸುಮ್ಮನೆ ಬಂದುಬಿಡಬೇಡಿ, ಅದು ಕಡ್ಡಾಯವಲ್ಲ. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕು ಅನ್ನಿ, ಅದಕ್ಕೂ ದುಡ್ಡಿಲ್ಲ. ರಾತ್ರಿ ಪಾಳಿ ಸಿಕ್ಕರೆ, ಮನೆಗೆ ಬಂದು ಮಲಗುವ ಮುಂಚೆ ಎಂಟರ ಆ ಫೋನ್ ಮಾಡಿಬಿಡಿ.