ಕೇಳಿ, ಹೇಳ್ತೀನಿ: ಬೋರ್ಡ್ ಸುಡದಿದ್ದರೆ ಸಾಲದು, ಇಂಜಿನ್ ಉಳಿಯಬೇಕು

ಮೇಷ್ಟ್ರೇ, ನಮಸ್ಕಾರ. ಮಹಡಿ ರೂಮಿನಲ್ಲಿ ಚಿಕ್ಕಜಾಜೂರು ಜಂಕ್ಷನ್ನಿನ ಮಾದರಿ ಮಾಡುತ್ತಿದ್ದೇನೆ, ಎಚ್‌ಒ ಅಳತೆ (ನಿಜದ 87ರಲ್ಲಿ ಒಂದು ಪಾಲು). ಡಿಕೋಡರ್ (ಹಳಿಯಿಂದ ಬರುವ ಆಜ್ಞೆ ಓದುವ ಚಿಪ್) ಇರುವ ಎರಡು ಇಂಜಿನ್, ಹಳಿಗೆ ಕೊಡಲು 15 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಇವೆ. ಮಗನ ರೋಬೋ ಕಾರಿನಿಂದ ಬಿಚ್ಚಿದ ಆರ್ಡುಯಿನೊ ಮೆಗಾ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಮೋಟರಿಗೆ ಕರೆಂಟ್ ಕೊಡುವ ಕೆಂಪು ಬಣ್ಣದ ಎಲ್298ಎನ್ ಡ್ರೈವರ್ ಬೋರ್ಡ್ ಕೈಯಲ್ಲಿವೆ. ಮೆಗಾವನ್ನೇ ಡಿಜಿಟಲ್ ರೈಲು ಕಂಟ್ರೋಲರ್ ಮಾಡುವ ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್ ಹಾಕಿ ಓಡಿಸುವ ಆಸೆ. ಗೆಳೆಯರೊಬ್ಬರು ‘ಅದನ್ನ ಬಿಡಿ, 43 ಆಂಪಿಯರ್‌ನ ಬಿಟಿಎಸ್7960 ತಗೊಳ್ಳಿ, ಜನ್ಮದಲ್ಲಿ ಸುಡಲ್ಲ’ ಅಂತಾರೆ. ಯಾವುದು ಸರಿ?
— ಓದುಗರು, ವಿದ್ಯಾನಗರ, ದಾವಣಗೆರೆ

ನಿಮ್ಮ ಗೆಳೆಯರ ಮಾತು ನಿಜ, ಆ ಬೋರ್ಡ್ ಸುಡಲ್ಲ. ಸುಡೋದು ನಿಮ್ಮ ಇಂಜಿನ್.

ಹಳೇ ಕಂಟ್ರೋಲರಿನಲ್ಲಿ ಗಾಡಿ ನಿಂತರೆ ಹಳಿಯಲ್ಲಿ ವೋಲ್ಟೇಜೇ ಇರುತ್ತಿರಲಿಲ್ಲ. ಡಿಜಿಟಲ್‌ನಲ್ಲಿ ಹಾಗಲ್ಲ. ಗಾಡಿ ನಿಲ್ಲಲಿ, ಓಡಲಿ, ಹಳಿಗೆ ಪೂರ್ತಿ ವೋಲ್ಟೇಜ್ ಬರುತ್ತಲೇ ಇರುತ್ತದೆ. ಪ್ಲಸ್ಸು ಮೈನಸ್ಸು ಮಾತ್ರ ಸರಸರನೆ ಅದಲು ಬದಲಾಗುತ್ತವೆ. 58 ಮೈಕ್ರೋಸೆಕೆಂಡಿಗೊಮ್ಮೆ ತಿರುಗಿದರೆ ಅದು ‘ಒಂದು’, 100 ಮೈಕ್ರೋಸೆಕೆಂಡ್ ಹಿಡಿದರೆ ‘ಸೊನ್ನೆ’. ಈ ಒಂದು ಸೊನ್ನೆಗಳನ್ನು ಓದಿಕೊಂಡು ಡಿಕೋಡರ್ ಮೋಟರ್ ತಿರುಗಿಸುತ್ತದೆ. ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಒಂದು ಗಾಲಿ ಹಳಿ ತಪ್ಪಿತು ಅನ್ನಿ, ಆ ಕ್ಷಣವೇ ಶಾರ್ಟ್. ಬಿಟಿಎಸ್7960 ಚಿಪ್ ತಾನಾಗಿ ಎಚ್ಚರವಾಗೋದು ಸುಮಾರು 43 ಆಂಪಿಯರ್‌ಗೆ. ನಿಮ್ಮ 15 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಅಷ್ಟು ದೂರ ಹೋಗೋದೇ ಇಲ್ಲ. ಅಂದರೆ ಚಿಪ್ ತಾನಾಗಿ ತಡೆಯೋದೇ ಇಲ್ಲ. ಹೆಚ್ಚೆಂದರೆ 75 ವ್ಯಾಟ್ ಬಿಸಿ ಆ ಪುಟ್ಟ ಗಾಲಿಯ ಸುತ್ತ ಇಳಿಯಬಹುದು. ನನ್ನ ಮೇಜಿನ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದು, ಪ್ಲಾಸ್ಟಿಕ್ ಬೋಗಿಯ ಗತಿ ನೀವೇ ಯೋಚಿಸಿ.

ಹಾಗಂತ ಕೈಯಲ್ಲಿರುವ ಎಲ್298ಎನ್ ಸಾಕು ಅಂತಲೂ ಹೇಳಲಾರೆ. ಅದು ಎರಡರಿಂದ ಮೂರು ವೋಲ್ಟ್ ತಾನೇ ನುಂಗುತ್ತದೆ. ಅದಕ್ಕೇ ಬೆನ್ನ ಮೇಲೆ ಅಷ್ಟು ದಪ್ಪ ಕಪ್ಪು ಹೀಟ್‌ಸಿಂಕ್ ಹೊತ್ತಿರೋದು. ಇದನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಬೇರೆ: ಚಿಪ್‌ಗೆ ಕರೆಂಟ್ ಅಳೆಯುವ ಕಾಲುಗಳಿವೆ, ಆದರೆ ಈ ಅಗ್ಗದ ಬೋರ್ಡಿನಲ್ಲಿ ಅವನ್ನು ಗ್ರೌಂಡಿಗೆ ಜೋಡಿಸಿ ಕೈ ತೊಳೆದುಕೊಂಡಿದ್ದಾರೆ. ಹಳಿಗೆ ಎಷ್ಟು ಕರೆಂಟ್ ಹೋಗುತ್ತಿದೆ ಅನ್ನೋದು ಮೆಗಾಗೆ ಗೊತ್ತೇ ಆಗಲ್ಲ.

ಬೋರ್ಡ್ ಆರಿಸುವಾಗ ‘ಎಷ್ಟು ಆಂಪಿಯರ್ ತಡೆಯುತ್ತೆ’ ಅಂತ ಆಮೇಲೆ ಕೇಳಿ. ‘ಎಷ್ಟು ಹೋಗ್ತಿದೆ ಅಂತ ಹೇಳುತ್ತಾ’ ಅಂತ ಮೊದಲು ಕೇಳಿ. ಮೆಗಾ ಮೇಲೆ ನೇರವಾಗಿ ಕೂರುವ ಡ್ರೈವರ್ ಬೋರ್ಡ್, ಆರ್ಡುಯಿನೊ ಮೋಟರ್ ಶೀಲ್ಡ್ ಆರ್3, ಹೇಳುತ್ತದೆ. ಅದರಲ್ಲಿರೋದೂ ಎಲ್298 ವಂಶದ ಚಿಪ್ಪೇ, ಅದೂ ವೋಲ್ಟ್ ನುಂಗುತ್ತದೆ. ಆದರೆ ಪ್ರತಿ ಆಂಪಿಯರ್‌ಗೆ 1.65 ವೋಲ್ಟ್‌ನಂತೆ ಎ0, ಎ1 ಪಿನ್ನುಗಳಿಗೆ ವರದಿ ಒಪ್ಪಿಸುತ್ತದೆ. ಒಂದೊಂದು ಚಾನೆಲ್‌ಗೆ 2 ಆಂಪಿಯರ್. ಇವತ್ತಿನ ಎಚ್‌ಒ ಇಂಜಿನ್ ಸಾಮಾನ್ಯವಾಗಿ ಅರ್ಧ ಆಂಪಿಯರ್ ಒಳಗೇ ಓಡುತ್ತದೆ, ನಿಮ್ಮ ಎರಡಕ್ಕೆ ಧಾರಾಳ. ಎ ಚಾನೆಲ್ ದೊಡ್ಡ ಹಳಿಗೆ, ಬಿ ಚಾನೆಲ್ ಡಿಕೋಡರಿಗೆ ನಂಬರು, ಸೆಟ್ಟಿಂಗು ಬರೆಯುವ ಪ್ರೋಗ್ರಾಮಿಂಗ್ ತುಂಡು ಹಳಿಗೆ. ಆ ತುಂಡಿನ ಮೇಲೆ ಡಿಕೋಡರ್ ‘ಸರಿ’ ಅನ್ನೋದು ಹೇಗೆ ಗೊತ್ತಾ? ಸುಮಾರು 6 ಮಿಲಿಸೆಕೆಂಡ್ ಕಾಲ 60 ಮಿಲಿಆಂಪಿಯರ್ ಜಾಸ್ತಿ ಎಳೆದು. ಇಷ್ಟು ಸಣ್ಣ ಅಳತೆಯಲ್ಲಿ ಬಿಟಿಎಸ್7960 ನಂಬಿಕೆಗೆ ಬರಲ್ಲ. ಮುಂದೆ ಗಾಡಿಗಳು ಹೆಚ್ಚಾದರೆ ಡಿಸಿಸಿ-ಇಎಕ್ಸ್‌ನವರದೇ 8874 ಶೀಲ್ಡ್ ಇದೆ. 5 ಆಂಪಿಯರ್‌ನದು, ವೋಲ್ಟ್ ನುಂಗೋದೂ ತೀರಾ ಕಡಿಮೆ.

ಈಗ ವೈರಿಂಗ್. ಶೀಲ್ಡನ್ನು ಮೆಗಾ ಮೇಲೆ ಕೂರಿಸುವ ಮುಂಚೆ ತಿರುಗಿಸಿ ಹಿಂಭಾಗ ನೋಡಿ. ‘ವಿನ್ ಕನೆಕ್ಟ್’ ಅಂತ ಬರೆದ ಕಡೆ ಎರಡು ಪುಟ್ಟ ಬೆಸುಗೆ ಜಾಗಗಳು, ಅವೆರಡರ ನಡುವೆ ಕೂದಲೆಳೆಯಂಥ ತಾಮ್ರದ ಗೆರೆ ಇರುತ್ತವೆ. ಹಳಿಗೆ ಕೊಡುವ 15 ವೋಲ್ಟ್ ಈ ಗೆರೆ ಹಿಡಿದೇ ಮೆಗಾದೊಳಕ್ಕೆ ನುಗ್ಗಿ ಅದರ ವೋಲ್ಟೇಜ್ ಇಳಿಸುವ ರೆಗ್ಯುಲೇಟರನ್ನು ಬಿಸಿ ಮಾಡೋದು. ಬ್ಲೇಡಿನಿಂದ ಗೆರೆಯನ್ನು ಕತ್ತರಿಸಿ. ಮೇಲ್ಮೇಲೆ ಗೀಚಿದರೆ ಆಗಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಎರಡೂ ಕಡೆ ಮುಟ್ಟಿಸಿ, ಸದ್ದು ಬಂದರೆ ಇನ್ನೂ ಕತ್ತರಿಸಿಲ್ಲ ಅಂತಲೇ ಅರ್ಥ. ಆಮೇಲೆ ಮೆಗಾಗೆ ಬೇರೆ ಅಡಾಪ್ಟರ್ ಕೊಡಿ, 7ರಿಂದ 9 ವೋಲ್ಟ್‌ನದು.

ಎಲ್ಲ ಜೋಡಿಸಿದ ಮೇಲೆ ಇಂಜಿನ್ ಇಡಬೇಡಿ. ಹಳಿಗೆ ಪವರ್ ಕೊಟ್ಟು ಎರಡೂ ಕಂಬಿ ಮುಟ್ಟುವಂತೆ ಐದು ರೂಪಾಯಿ ನಾಣ್ಯ ಇಡಿ. ತಕ್ಷಣ ಪವರ್ ಹೋಗಬೇಕು. ಹಳಿಯ ಈ ತುದಿ, ಆ ತುದಿ, ಪ್ರತಿ ಪಾಯಿಂಟ್ ಹತ್ತಿರವೂ ಇದನ್ನೇ ಮಾಡಿ. ಒಂದು ಕಡೆ ಹೋಗಲಿಲ್ಲ ಅಂದರೂ ಅಲ್ಲಿ ಗಾಡಿ ಬಿಡಬೇಡಿ.

ನೀಲಿ ಬಣ್ಣದ ಎಲ್293ಡಿ ಶೀಲ್ಡ್ ಅಗ್ಗಕ್ಕೆ ಸಿಕ್ಕಿತು. ಆರ್ಡುಯಿನೊ ಮೇಲೆ ಸರಿಯಾಗಿ ಕೂರುತ್ತದೆ, ದೀಪ ಹತ್ತುತ್ತದೆ, ಇಂಜಿನ್ ಮಾತ್ರ ಜಪ್ಪಯ್ಯ ಅಂದ್ರೂ ಅಲುಗಲ್ಲ.
— ಓದುಗರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಅಲುಗೋದೂ ಇಲ್ಲ. ಅದರಲ್ಲಿ 74ಎಚ್‌ಸಿ595 ಅಂತ ಇನ್ನೊಂದು ಚಿಪ್ ಇದೆ ನೋಡಿ, ದಿಕ್ಕು ಬದಲಿಸುವ ಆಜ್ಞೆಯೆಲ್ಲ ಅದರ ಮೂಲಕ ಸುತ್ತಿ ಬರಬೇಕು. ಡಿಸಿಸಿ-ಇಎಕ್ಸ್‌ಗೆ ದಿಕ್ಕಿನ ಪಿನ್ ನೇರವಾಗಿ ಬೇಕು. ಮೇಲಾಗಿ ಎಲ್293ಡಿ ತಡೆಯೋದು ಚಾನೆಲ್‌ಗೆ 600 ಮಿಲಿಆಂಪಿಯರ್ ಅಷ್ಟೇ. ರೋಬೋ ಕಾರು ಮಾಡುವ ಹುಡುಗರಿಗೆ ಕೊಟ್ಟುಬಿಡಿ.

ಗಾಡಿ ಕಂಟ್ರೋಲರ್ ಹತ್ತಿರ ಚೆನ್ನಾಗಿ ಓಡುತ್ತದೆ, ಆಚೆ ತುದಿಯಲ್ಲಿ ತೆವಳುತ್ತದೆ. ಡ್ರೈವರ್ ಬೋರ್ಡ್ ಬದಲಿಸಬೇಕಾ?
— ಓದುಗರು, ನಿಟುವಳ್ಳಿ, ದಾವಣಗೆರೆ

ಬೋರ್ಡ್ ಮುಟ್ಟಬೇಡಿ, ವೈರ್ ಬದಲಿಸಿ. ನೀವು ಕಳಿಸಿದ ಫೋಟೋದಲ್ಲಿ ಹಳಿಗೆ ಹೋಗಿರೋದು ಬಣ್ಣಬಣ್ಣದ ರಿಬ್ಬನ್ ವೈರ್. ಅಂಥ 0.2 ಚದರ ಮಿಲಿಮೀಟರ್ ವೈರಿನಲ್ಲಿ 5 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 0.9 ಓಮ್ ಆಗುತ್ತದೆ. 2 ಆಂಪಿಯರ್ ಹರಿದರೆ 1.8 ವೋಲ್ಟ್ ದಾರಿಯಲ್ಲೇ ಖರ್ಚು. ಮನೆ ವೈರಿಂಗಿಗೆ ಹಾಕುವ 1.5 ಚದರ ಮಿಲಿಮೀಟರ್ ವೈರ್ ತಂದರೆ ಅದೇ ಕಾಲು ವೋಲ್ಟ್. ಹಲಗೆ ಕೆಳಗೆ ಎರಡು ವೈರ್ ಸಡಿಲವಾಗಿ ಹೊಸೆದು ಎಳೆಯಿರಿ, ಮೀಟರಿಗೊಂದರಂತೆ ಸಣ್ಣ ವೈರಿನಿಂದ ಹಳಿಗೆ ಬೆಸುಗೆ ಹಾಕಿ. ಹಳಿ ಜೋಡಿಸುವ ಕ್ಲಿಪ್ಪುಗಳನ್ನು ಕರೆಂಟಿಗೆ ನಂಬಬೇಡಿ, ಧೂಳು ಕೂತರೆ ಮುಗೀತು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಜಾಗ ಅದಲು ಬದಲಾದರೂ ಶಾರ್ಟ್.

ಹಳೇ ಅಶೋಕ ಟಾಕೀಸ್ ರೈಲ್ವೆ ಗೇಟ್ ಮಾಡುತ್ತಿದ್ದೇನೆ. ಕಂಬ ಎತ್ತಿಳಿಸುವ ಸರ್ವೋಗೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) ಯಾವ ಮೋಟರ್ ಡ್ರೈವರ್? ಇನ್ನೊಂದು ಪ್ರಶ್ನೆ, ಡಿಕೋಡರ್ ಇಲ್ಲದ ಹಳೇ ಇಂಜಿನ್ ಇದೇ ಹಳಿಯಲ್ಲಿ ಓಡಿಸಬಹುದಾ?
— ವಿದ್ಯಾರ್ಥಿ, ದಾವಣಗೆರೆ

ನಿಜದ ಹಾಗೇ ಇರಬೇಕು ಅಂದರೆ ಸರ್ವೋನೂ ಬೇಡ ಕಣಪ್ಪಾ, ಗೇಟ್ ಮುಚ್ಚೇ ಅಂಟಿಸಿಬಿಡು. ತಮಾಷೆ ಬಿಡು, ಸರ್ವೋ ಒಳಗೇ ಡ್ರೈವರ್ ಇರುತ್ತೆ. ಪಿಸಿಎ9685 ಬೋರ್ಡ್ ಒಂದು ತಗೋ, ಹದಿನಾರು ಸರ್ವೋ ನಡೆಸುತ್ತೆ. ಮೆಗಾದ ಎಸ್‌ಡಿಎ, ಎಸ್‌ಸಿಎಲ್ ಪಿನ್ನಿಗೆ ಜೋಡಿಸು. ಸರ್ವೋಗಳಿಗೆ ಬೇಕಾದ 5 ವೋಲ್ಟ್ ಮಾತ್ರ ಬೇರೆ ಸಪ್ಲೈನಿಂದ ಕೊಡು. ಮೆಗಾದಿಂದ ಎಳೆದರೆ ಗೇಟ್ ಎದ್ದಾಗಲೆಲ್ಲ ಅದು ರೀಸೆಟ್ ಆಗಬಹುದು. ಗ್ರೌಂಡ್ ಎರಡಕ್ಕೂ ಒಂದೇ ಇರಲಿ.

ಡಿಕೋಡರ್ ಇಲ್ಲದ್ದನ್ನು ಡಿಜಿಟಲ್ ಹಳಿ ಮೇಲೆ ಇಡಲೇಬೇಡ. ಮೋಟರ್ ಗುಂಯ್ ಅಂತ ನಿಂತಲ್ಲೇ ಬಿಸಿಯಾಗುತ್ತೆ. ಡಿಸಿಸಿ-ಇಎಕ್ಸ್‌ನ 5ನೇ ಆವೃತ್ತಿಯಿಂದ ಒಂದು ಚಾನೆಲನ್ನು ಸಾದಾ ಡಿಸಿ ಮಾಡಿಕೊಳ್ಳಬಹುದು, ಬಿ ಚಾನೆಲನ್ನು ಹಾಗೆ ಬದಲಿಸಿ ಬೇರೆ ಹಳಿಯಲ್ಲಿ ಓಡಿಸು. ಆ ಹಳಿಗೂ ದೊಡ್ಡ ಹಳಿಗೂ ಎರಡೂ ಕಂಬಿಯಲ್ಲಿ ಪ್ಲಾಸ್ಟಿಕ್ ಜಾಯಿಂಟ್ ಇರಲಿ, ಗಾಡಿ ಒಂದರಿಂದ ಇನ್ನೊಂದಕ್ಕೆ ದಾಟೋ ಹಾಗೆ ಜೋಡಿಸಬೇಡ.