ಊಟಿ ಇನ್ನೊಂದು ದಿನಕ್ಕಿರಲಿ

ಓದುಗರ ಪ್ರಶ್ನೆ: ಸುತ್ತಾಟ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಂಡೀಪುರದ ಕಡೆಯವು. ಕೇಳಿದ್ದನ್ನೇ ಕೇಳಿದವರೂ ಇದ್ದಾರೆ, ಹಾಗಾಗಿ ನಾಲ್ಕು ಪತ್ರ ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ದಾವಣಗೆರೆಯಿಂದ ಅತ್ತೆ ಮಾವ ಬರುತ್ತಿದ್ದಾರೆ, ಇಬ್ಬರಿಗೂ ಅರವತ್ತೈದು ದಾಟಿದೆ. ನಮಗೆ ಇಬ್ಬರು ಚಿಕ್ಕ ಮಕ್ಕಳು. ಒಂದೇ ಭಾನುವಾರದಲ್ಲಿ ಕಾರಿನಲ್ಲಿ ಹೋಗಿ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರ ಸಫಾರಿ, ಊಟಿ ಮೂರನ್ನೂ ಮುಗಿಸಿ ರಾತ್ರಿ ಮನೆಗೆ ಬರಬಹುದಾ? ನಮ್ಮ ಯಜಮಾನರು ಆರಾಮಾಗಿ ಆಗುತ್ತೆ ಅಂತಾರೆ.
ಓದುಗರು, ಕುವೆಂಪುನಗರ, ಮೈಸೂರು

ಹೋಗಿ ಬರಬಹುದು. ಆದರೆ ಆರಾಮಾಗಿ ಅಲ್ಲ. ಯಜಮಾನರಿಗೆ ಈ ಪುಟ ತೋರಿಸಿ, ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ.

ಲೆಕ್ಕ ನೋಡಿ. ಮಸಿನಗುಡಿ ಮೇಲೆ ಹೋದರೂ ಊಟಿ ಇಲ್ಲಿಂದ ಸುಮಾರು 125 ಕಿಮೀ. ಆ ದಾರಿಯಲ್ಲಿ ಕಲ್ಲಟ್ಟಿ ಘಾಟಿನ 36 ಹೇರ್‌ಪಿನ್ ತಿರುವುಗಳಿವೆ. ಹತ್ತುವಾಗಲೇ ಹಿಂದಿನ ಸೀಟಿನಲ್ಲಿ ಯಾರಾದರೂ ಒಬ್ಬರು ನಿಂಬೆಹಣ್ಣು ಮೂಸುತ್ತಾ ಕೂತಿರುತ್ತಾರೆ. ಇಳಿಯುವಾಗ ಹೊರಗಿನ ಗಾಡಿಗಳನ್ನು ಅಲ್ಲಿ ಬಿಡುವುದಿಲ್ಲ, ಗೂಡಲೂರು ಸುತ್ತಿಕೊಂಡೇ ಬರಬೇಕು. ಅದು ಇನ್ನೂ ದೂರ. ಜೊತೆಗೆ 2024ರ ಮೇ ತಿಂಗಳಿಂದ ಊಟಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ಇಷ್ಟೆಲ್ಲ ಮಾಡಿ ಊಟಿ ತಲುಪಿದರೆ ಭಾನುವಾರ ನಿಮಗೆ ಕಾಣುವುದು ಮುಂದಿನ ಕಾರಿನ ನಂಬರ್ ಪ್ಲೇಟು.

ನಿಜವಾದ ತೊಂದರೆ ವಾಪಸ್ ಬರುವಾಗ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ಓಡಾಟ ಬಂದ್. ಈ ನಿಯಮ ಬಂದದ್ದು 2009ರಲ್ಲಿ. ರಾತ್ರಿ ಹೊತ್ತು ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ. ಆಂಬುಲೆನ್ಸ್‌ಗೆ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ನಿಮಗೂ ಇಲ್ಲ, ನನಗೂ ಇಲ್ಲ.

ಇದನ್ನು ನಾನು ಅನುಭವಿಸಿಯೇ ಹೇಳುತ್ತಿರುವುದು. ಕೆಲವು ವರ್ಷದ ಹಿಂದೆ ನಾವೂ ಹೀಗೇ ಮೂರೂ ಜಾಗ ಒಂದೇ ದಿನ ಅಂತ ಹೊರಟೆವು. ಊಟಿಯಲ್ಲಿ ಮಕ್ಕಳು ಬೋಟು ಅಂದರು, ಇವಳು ಚಾಕ್ಲೇಟು ಅಂದಳು, ನಾನು ದಾರಿಯಲ್ಲಿ ಇನ್ನೊಂದು ಟೀ ಅಂದೆ. ಗೂಡಲೂರು ದಾಟಿ ತೊರಪಳ್ಳಿ ಗೇಟ್ ಮುಂದೆ ಬಂದು ನಿಂತಾಗ ಒಂಬತ್ತು ಗಂಟೆ ಹತ್ತು ನಿಮಿಷ. ಗಾರ್ಡ್ ಏನೂ ಮಾತಾಡಲಿಲ್ಲ, ಕೈಗಡಿಯಾರ ತೋರಿಸಿದ ಅಷ್ಟೇ. ಇಡೀ ರಾತ್ರಿ ಕಾರಲ್ಲೇ. ಮಗಳು ಅಮ್ಮನ ತೊಡೆ ಮೇಲೆ, ಮಗ ಗೇರ್ ಲಿವರಿಗೆ ಕಾಲು ಕೊಟ್ಟು. ಪಕ್ಕದ ಲಾರಿಯವನು ಸೀಮೆಎಣ್ಣೆ ಸ್ಟೌ ಹಚ್ಚಿ ಅನ್ನಕ್ಕಿಟ್ಟಿದ್ದ. ನಮ್ಮ ಕಡೆ ಎರಡು ಸಲ ನೋಡಿ, ಮೂರನೇ ಸಲ ಒಂದು ತಟ್ಟೆ ಅನ್ನ ಸಾರು ತಂದು ಮಕ್ಕಳಿಗೆ ಅಂತ ಬಾನೆಟ್ ಮೇಲಿಟ್ಟು ಹೋದ. ತಪ್ಪೆಲ್ಲ ನನ್ನದೇ. ಆ ಟೀ ಬೇಕಿರಲಿಲ್ಲ.

ಅದಕ್ಕೇ ನನ್ನ ಸಲಹೆ: ಊಟಿ ಬಿಡಿ. ಕಾಡು ಮತ್ತು ಬೆಟ್ಟ, ಎರಡೇ ಇಟ್ಟುಕೊಳ್ಳಿ. ಅದೂ ಎಲ್ಲರೂ ಮಾಡುವುದಕ್ಕೆ ಉಲ್ಟಾ. ಸಾಮಾನ್ಯವಾಗಿ ಜನ ಬೆಟ್ಟಕ್ಕೆ ಮೊದಲು ಹೋಗಿ, ಆಮೇಲೆ ನಡುಮಧ್ಯಾಹ್ನ ಕಾಡಿನ ರಸ್ತೆಗೆ ಬರುತ್ತಾರೆ. ಆ ಬಿಸಿಲಲ್ಲಿ ಪ್ರಾಣಿಗಳೆಲ್ಲ ನೆರಳು ಹಿಡಿದು ಒಳಗಿರುತ್ತವೆ. ನೀವು ಮೊದಲು ಕಾಡಿಗೆ ಹೋಗಿ.

ಬೆಳಿಗ್ಗೆ ಐದಕ್ಕೆ ಮನೆ ಬಿಡಿ. ಕಡಕೊಳದ ಟೋಲ್, ನಂಜನಗೂಡು, ಬೇಗೂರು, ಗುಂಡ್ಲುಪೇಟೆ. ಇಲ್ಲಿಗೆ 60 ಕಿಮೀ. ಗುಂಡ್ಲುಪೇಟೆಯಲ್ಲಿ ರಸ್ತೆ ಕವಲಾಗುತ್ತದೆ, ಒಂದು ವಯನಾಡಿಗೆ, ಇನ್ನೊಂದು ಊಟಿಗೆ. ಊಟಿ ರಸ್ತೆ ಹಿಡಿದು ಹಂಗಳ ದಾಟಿದರೆ ಮೇಲುಕಾಮನಹಳ್ಳಿ, ಆಮೇಲೆ ಕಾಡು ಶುರು. ಆರು ಗಂಟೆಗೆ ಸರಿಯಾಗಿ ಗೇಟ್ ಮುಂದೆ ನಿಲ್ಲಲು ಹೋಗಬೇಡಿ. ರಾತ್ರಿಯೆಲ್ಲ ಕಾದ ಲಾರಿಗಳು ಒಟ್ಟಿಗೇ ಹೊರಡುವ ಹೊತ್ತದು. ಆರೂವರೆಗೆ ಹೋದರೆ ಆ ಗದ್ದಲ ಮುಂದೆ ಹೋಗಿರುತ್ತದೆ, ರಸ್ತೆ ನಿಮ್ಮದು.

ಅಲ್ಲಿಂದ ತೆಪ್ಪಕಾಡಿನವರೆಗೆ ಕಿಟಕಿ ಅರ್ಧ ಇಳಿಸಿ, ಹಾಡು ಆಫ್ ಮಾಡಿ, ನಿಧಾನಕ್ಕೆ ಹೋಗಿ. ಹಂಪುಗಳು ಎಷ್ಟಿವೆಯೆಂದರೆ ಜೋರಾಗಿ ಹೋಗಬೇಕು ಅಂದರೂ ಆಗಲ್ಲ. ಜಿಂಕೆ ಹಿಂಡು ಖಂಡಿತ ಸಿಗುತ್ತದೆ. ನವಿಲು, ಮುಸಿಯ, ಕಾಡುಹಂದಿ, ಪುಣ್ಯ ಇದ್ದರೆ ರಸ್ತೆ ಬದಿಯಲ್ಲೇ ಆನೆ. ಮಕ್ಕಳಿಗೆ ಆನೆ ಲದ್ದಿ ತೋರಿಸಿ, ಹಬೆ ಆಡುತ್ತಿದ್ದರೆ ಈಗಷ್ಟೇ ದಾಟಿದೆ ಅಂತ ಲೆಕ್ಕ. ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಂತೂ ಇಲ್ಲವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಒಬ್ಬರು ಆನೆ ಹತ್ತಿರ ಸೆಲ್ಫಿಗೆ ಹೋಗಿ ತುಳಿತಕ್ಕೆ ಸಿಕ್ಕಿ ಹೇಗೋ ಬದುಕಿದರು. ಅದರ ಮೇಲೆ 25 ಸಾವಿರ ದಂಡ ಬೇರೆ.

ಕೆಕ್ಕನಹಳ್ಳ ದಾಟಿದರೆ ತಮಿಳುನಾಡು, ಮುದುಮಲೆ. ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆಯ ಸೇತುವೆ ಇದೆ, ಆನೆ ಕ್ಯಾಂಪೂ ಇದೆ. ಅಲ್ಲಿ ಕೈಕಾಲು ಸಡಿಲ ಮಾಡಿಕೊಂಡು ವಾಪಸ್ ತಿರುಗಿ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ, ಮನೆಯ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಮತ್ತೆ ಅದೇ ಕಾಡು, ಆದರೆ ಬೆಳಕು ಬೇರೆ. ಹೋಗುವಾಗ ಕಾಣದ್ದು ಬರುವಾಗ ಕಾಣುತ್ತದೆ, ಸುಳ್ಳಲ್ಲ.

ಹಂಗಳಕ್ಕೆ ಬಂದು ಬೆಟ್ಟದ ಕಡೆ ತಿರುಗಿಕೊಳ್ಳಿ. ಇಲ್ಲೊಂದು ವಿಷಯ ಅತ್ತೆ ಮಾವನಿಗೆ ಮೊದಲೇ ಹೇಳಿಬಿಡಿ. ಚಾಮುಂಡಿ ಬೆಟ್ಟಕ್ಕೆ ಹೋದ ಹಾಗೆ ಕಾರನ್ನು ಗುಡಿ ಬಾಗಿಲವರೆಗೆ ಒಯ್ಯಲು ಆಗಲ್ಲ. ಕಾರು ತಪ್ಪಲಲ್ಲೇ ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹತ್ತಬೇಕು. ಭಾನುವಾರ ಹತ್ತೂವರೆ ಆದಮೇಲೆ ಕ್ಯೂ ಬೆಳೆಯುತ್ತದೆ, ಶ್ರಾವಣ ಶನಿವಾರ ಕೇಳಲೇಬೇಡಿ. ತಿಂಡಿಗೆ ಎಲ್ಲೂ ಸಮಯ ಕಳೆಯಬೇಡಿ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿದ್ದರೆ ಹಂಗಳದ ಕಡೆ ಊರೊಳಗೆ ಕೂತು ತಿಂದು ಮುಗಿಸಿ. ಕಾಡಿನೊಳಗೆ ಡಬ್ಬಿ ಬಿಚ್ಚಬೇಡಿ, ಕೋತಿಗೆ ಕೊಡಲೂಬೇಡಿ.

ಬೆಟ್ಟ 1454 ಮೀಟರ್, ಬಂಡೀಪುರದಲ್ಲಿ ಇದೇ ಎತ್ತರದ್ದು. ಬಸ್ಸಿಳಿದರೆ ಮೊದಲು ಗಾಳಿ ಹೊಡೆಯುತ್ತದೆ, ಆಮೇಲೆ ಮಂಜು. ಮೇ ತಿಂಗಳಲ್ಲೂ ಮಾವನವರಿಗೆ ಮಫ್ಲರ್ ಇರಲಿ. ಗರ್ಭಗುಡಿ ಬಾಗಿಲ ಮೇಲಿನ ಕಲ್ಲಿನಿಂದ ನೀರು ಹನಿ ಹನಿಯಾಗಿ ಜಿನುಗುತ್ತದೆ, ಅರ್ಚಕರು ಅದನ್ನೇ ತೀರ್ಥ ಅಂತ ಚಿಮುಕಿಸುತ್ತಾರೆ. ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತು, ಅದಕ್ಕೇ ಬೆಟ್ಟದಲ್ಲಿ ಕಾಗೆ ಇಲ್ಲ ಅನ್ನುತ್ತಾರೆ. ಮಕ್ಕಳಿಗೆ ಕಾಗೆ ಹುಡುಕುವ ಕೆಲಸ ಕೊಡಿ, ಅರ್ಧ ಗಂಟೆ ನಿಮಗೆ ಬಿಡುವು. ಮಂಜು ಸರಿದರೆ ದಕ್ಷಿಣಕ್ಕೆ ನೀಲಗಿರಿ ಸಾಲು ಕಾಣುತ್ತದೆ. ಯಜಮಾನರಿಗೆ ಅಲ್ಲೇ ನಿಲ್ಲಿಸಿ ಊಟಿ ತೋರಿಸಿ.

ಅಂದ ಹಾಗೆ, ಈ ಕಾಡಿಗೂ ಈ ದೇವರಿಗೂ ನಂಟು ಹಳೆಯದು. 1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಬರೀ 90 ಚದರ ಕಿಮೀ ಕಾಡನ್ನು ಅಭಯಾರಣ್ಯ ಅಂತ ಮಾಡಿದ್ದರು. ಆಮೇಲೆ ಹಿಗ್ಗಿಸಿದಾಗ ಇಟ್ಟ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. 1973ರಲ್ಲಿ ಹುಲಿ ಯೋಜನೆಗೆ ಸೇರಿತು.

ಸಫಾರಿ ಬೇಕೇ ಬೇಕು ಅಂದರೆ ಅದರ ಕೌಂಟರ್ ಮೇಲುಕಾಮನಹಳ್ಳಿಯಲ್ಲಿದೆ. ನಡೆಯುತ್ತಿದೆಯಾ, ಟಿಕೆಟ್ ಇದೆಯಾ ಅಂತ ವಿಚಾರಿಸಿಕೊಂಡೇ ಮನೆ ಬಿಡಿ. ನನ್ನ ಕೇಳಿದರೆ, ಮೊದಲ ಸಲಕ್ಕೆ ರಸ್ತೆಯೇ ಸಾಕು. ಮೂರು ಗಂಟೆಗೆಲ್ಲ ನಂಜನಗೂಡಿನ ಕಡೆ ಹೊರಟರೆ, ಸಂಜೆ ಬಾಗಿಲು ತೆಗೆದಾಗ ನಂಜುಂಡೇಶ್ವರನ ದರ್ಶನ, ಬರುವಾಗ ಒಂದು ಚಿಪ್ಪು ರಸಬಾಳೆ. ಅತ್ತೆಯವರಿಗೆ ಇದೇ ಜಾಸ್ತಿ ಖುಷಿ ಕೊಟ್ಟೀತು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?
ಓದುಗರು, ಮದ್ದೂರು

ನನಗೆ ಜುಲೈ. ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು ಆಗ ರಸ್ತೆಯ ಎರಡೂ ಕಡೆ ಹಳದಿ, ಕೇಸರಿ. ಫೋಟೋಗೆ ಹೊಲಕ್ಕಿಳಿಯುವ ಮೊದಲು ಹೊಲದವರನ್ನು ಒಂದು ಮಾತು ಕೇಳಿ. ಅದು ಅವರ ಬೆಳೆ, ಸುಮ್ನೆ ಬಿಟ್ಟಿರುವ ಪಾರ್ಕಲ್ಲ. ಚಳಿಗಾಲವೂ ಚೆನ್ನ. ಫೆಬ್ರವರಿ, ಮಾರ್ಚಲ್ಲಿ ಕಾಡು ಒಣಗಿ ನಿಂತಿರುತ್ತದೆ. ಎಲೆ ಉದುರಿರುವುದರಿಂದ ಪ್ರಾಣಿ ದೂರಕ್ಕೆ ಕಾಣುವುದು ನಿಜ, ಆದರೆ ಬೆಂಕಿಯ ಭಯ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲೂ ಸುಟ್ಟು ಕರಕಲಾಗಿತ್ತು. ಆ ದಿನಗಳಲ್ಲಿ ಹೋದರೆ ಬೀಡಿ ಸಿಗರೇಟು ಮನೆಯಲ್ಲೇ ಇರಲಿ.

ಪ್ರಶ್ನೆ: ನಾನೂ ಗೆಳೆಯನೂ ಬೈಕಲ್ಲಿ ಹೋಗಬೇಕು ಅಂತಿದ್ದೇವೆ. ಬಿಡ್ತಾರಾ? ಆನೆ ಬಂದರೆ ಏನು ಮಾಡಬೇಕು?
ಓದುಗ, ಮಂಡ್ಯ

ಹಗಲು ಹೊತ್ತು ಬಿಡುತ್ತಾರೆ ತಮ್ಮಾ. ಬೆಟ್ಟಕ್ಕೆ ಮಾತ್ರ ನಿಮಗೂ ಬಸ್ಸೇ. ಮಂಡ್ಯದಿಂದ ಮೈಸೂರಿಗೇ 45 ಕಿಮೀ ಇದೆ, ಅದಕ್ಕೆ ನಾಲ್ಕಕ್ಕೇ ಎದ್ದು ಹೊರಡಬೇಕಾಗುತ್ತೆ ನೋಡು. ಆಗಲ್ಲ ಅಂದರೆ ಹಿಂದಿನ ರಾತ್ರಿ ಮೈಸೂರಲ್ಲಿ ಯಾರಾದರೂ ನೆಂಟರ ಮನೆ ಹುಡುಕು.

ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲು. ಹಾರನ್ ಬೇಡ, ಎಕ್ಸಲೇಟರ್ ತಿರುಚಿ ಸದ್ದು ಮಾಡುವುದು ಬೇಡ, ಗಾಡಿ ಆಫ್ ಕೂಡ ಮಾಡಬೇಡ. ಮುಂದೆ ಕಾರೋ ಬಸ್ಸೋ ಇದ್ದರೆ ಅದರ ಹಿಂದೆ ಇರು. ಮರಿ ಇರುವ ಹಿಂಡಾದರೆ ಇನ್ನೂ ಹಿಂದೆ ಸರಿ. ಒಂದು ಆನೆ ದಾಟಿತು ಅಂತ ನುಗ್ಗಬೇಡ. ರಸ್ತೆಯಂಚಿನ ಲಂಟಾನ ಪೊದೆ ಎಷ್ಟು ದಟ್ಟ ಅಂದರೆ ಇನ್ನೆರಡು ಅದರ ಹಿಂದೆಯೇ ನಿಂತಿದ್ದರೂ ಕಾಣಲ್ಲ. ಮೊಬೈಲ್ ಜೇಬಲ್ಲಿರಲಿ.

ಪ್ರಶ್ನೆ: ಮೂರು ಸಲ ಬಂಡೀಪುರಕ್ಕೆ ಹೋದರೂ ಹುಲಿ ಕಂಡಿಲ್ಲ. ಯಾವ ಹೊತ್ತಿಗೆ ಹೋದರೆ ಗ್ಯಾರಂಟಿ?
ಓದುಗರು, ಸರಸ್ವತಿಪುರಂ, ಮೈಸೂರು

ಗ್ಯಾರಂಟಿ ಬೇಕಾದರೆ ನಿಮ್ಮ ಮನೆಯಿಂದ ಆಟೋ ಹಿಡಿದು ಮೃಗಾಲಯಕ್ಕೆ ಹೋಗಿ. ಮಂಗಳವಾರ ರಜ.